ಅಂಚು ಓದುವುದು, ಅಂಗೈ ಓದುವುದು: ಫಿಲ್ಮ್ ಕ್ಯಾಮೆರಾ ಕಲಿಕೆಯ ಟಿಪ್ಪಣಿ

ನಾನು ಹಾಸನದಲ್ಲಿ ಮದುವೆ ಫೋಟೋ ತೆಗೆಯುವವನು. ಒಂಬತ್ತು ವರ್ಷದಿಂದ ಡಿಜಿಟಲ್. ಒಂದು ಮದುವೆಗೆ ಮೂರು ಸಾವಿರ ಕ್ಲಿಕ್, ಆಮೇಲೆ ರಾತ್ರಿ ನಿದ್ದೆಗೆಟ್ಟು ಅದನ್ನು ಎಂಟುನೂರಕ್ಕೆ ಇಳಿಸುವುದು, ಇದು ನನ್ನ ಬದುಕು. ಎರಡು ವರ್ಷದ ಹಿಂದೆ ಪೆಂಟ್ಯಾಕ್ಸ್ ಕೆ 1000 ಅನ್ನುವ ಒಂದು ಹಳೇ ಫಿಲ್ಮ್ ಕ್ಯಾಮೆರಾ ಕೈಗೆ ಬಂತು. ಒಂದು ರೋಲಿಗೆ 36 ಫ್ರೇಮ್, ಅಷ್ಟೇ. ರೋಲು, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿದರೆ ಸಾವಿರ ರೂಪಾಯಿ ದಾಟುತ್ತದೆ. ಹಾಗಾಗಿ ಒಂದೊಂದು ತಪ್ಪೂ ಚೆನ್ನಾಗಿ ನೆನಪಿದೆ.

ನನ್ನ ಹಾಗೆ ಡಿಜಿಟಲ್‌ನಿಂದ ಈ ಕಡೆ ಬಂದವರಿಗೆ ಈ ಟಿಪ್ಪಣಿ. ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಶಟರ್ (ಬೆಳಕು ಬೀಳುವ ಹೊತ್ತು), ಐಎಸ್ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಸಂಖ್ಯೆ) ಅಂದರೇನು ಅಂತ ನಿಮಗೆ ಗೊತ್ತಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಗೊತ್ತಿದ್ದೂ ಯಾಕೆ ಎಡವುತ್ತೇವೆ ಅನ್ನುವುದೇ ಇಲ್ಲಿನ ವಿಷಯ.

ಖಾಲಿ ರೋಲು

ಹೋದ ವರ್ಷ ಮಾರ್ಚ್‌ನಲ್ಲಿ ಸಕಲೇಶಪುರದ ಕಡೆ ಹೂಮಳೆ ಬಿತ್ತು. ಆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಇದ್ದು ಹೂ ಕಂದಿಹೋಗುತ್ತದೆ. ಅದೇ ಸಮಯಕ್ಕೆ ಮದುವೆ ಸೀಸನ್ ಬೇರೆ. ಒಂದು ಧಾರೆ ಭಾನುವಾರ ಮಧ್ಯಾಹ್ನ ಮುಗಿಯಿತು, ಇನ್ನೊಂದು ಕಡೆ ಆರತಕ್ಷತೆ ಸೋಮವಾರ ಸಂಜೆಗೆ. ನಡುವೆ ಉಳಿದಿದ್ದು ಒಂದೇ ಒಂದು ಬೆಳಗ್ಗೆ. ಐದು ಗಂಟೆಗೆ ಬೈಕ್ ಹತ್ತಿ ಭಾವನ ತೋಟಕ್ಕೆ ಹೋದೆ. ಮಂಜು ಇತ್ತು, ಹೂ ಇತ್ತು, ತೋಟಕ್ಕೆ ತೋಟವೇ ಮಲ್ಲಿಗೆ ಹಾಗೆ ಘಮ್ಮೆನ್ನುತ್ತಿತ್ತು. ಮನಸ್ಸಿಟ್ಟು 36 ಫ್ರೇಮ್ ತೆಗೆದೆ. ಫ್ರೇಮ್ ಕೌಂಟರ್ 37 ಆಯಿತು, 38 ಆಯಿತು, ಫಿಲ್ಮ್ ಮುಂದೆ ಎಳೆಯುವ ಲಿವರ್ ಇನ್ನೂ ಮೆತ್ತಗೆ ಬರುತ್ತಲೇ ಇತ್ತು. ‘ಪರವಾಗಿಲ್ವೇ, ಎರಡು ಫ್ರೇಮ್ ಜಾಸ್ತಿ ಸಿಕ್ತು’ ಅಂತ ಖುಷಿಪಟ್ಟೆ.

ತೊಳೆದು ಬಂದ ಫಿಲ್ಮ್ ಪೂರ್ತಿ ಖಾಲಿ. ಲ್ಯಾಬಿನವರೇ ಕೆಡಿಸಿದ್ದಾರೆ ಅಂತ ಬೈದುಕೊಂಡು, ನಮ್ಮೂರಲ್ಲಿ ಹಿಂದೆ ಸ್ಟುಡಿಯೋ ಇಟ್ಟಿದ್ದ ಹಿರಿಯರೊಬ್ಬರ ಹತ್ತಿರ ಹೋದೆ. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್‌ನಲ್ಲಿ ಕೈ ಪಳಗಿಸಿಕೊಂಡವರು ಅವರು. ಕಿಟಕಿಗೆ ಹಿಡಿದು ನೋಡಿ ಕೇಳಿದರು:

‘ಅಂಚಲ್ಲಿ ಅಕ್ಷರ ಇದೆಯೇನಪ್ಪ?’

‘ಇದೆ ಸಾರ್. ಕಂಪನಿ ಹೆಸರು, ನಂಬರು ಎಲ್ಲ ಇದೆ.’

‘ಹಂಗಾದ್ರೆ ತೊಳೆದಿದ್ದು ಸರಿಯಾಗಿದೆ ಕಣಪ್ಪ. ಫಿಲ್ಮು ಬೆಳಕೇ ಕಂಡಿಲ್ಲ.’

ಇದು ಮೊದಲು ಕಲಿಯಬೇಕಾದ ಓದು. ಫಿಲ್ಮಿನ ಅಂಚಿನ ಹೆಸರು, ನಂಬರುಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚು ಹಾಕಿರುತ್ತಾರೆ. ತೊಳೆದಾಗ ನಮ್ಮ ಚಿತ್ರದ ಜೊತೆಗೇ ಅವೂ ಮೂಡುತ್ತವೆ. ಅಂಚು ಚೆನ್ನಾಗಿ ಮೂಡಿ ಫ್ರೇಮ್ ಖಾಲಿ ಇದ್ದರೆ ತಪ್ಪು ಕ್ಯಾಮೆರಾ ಹಿಡಿದವನದು, ಇಲ್ಲವೇ ಕ್ಯಾಮೆರಾದ್ದು. ಅಂಚೂ ಮೂಡಿಲ್ಲ ಅಂದರೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ರಾಸಾಯನಿಕ, ಕೆಲಸ ಮಾಡಿಲ್ಲ. ಫಿಲ್ಮ್ ಉದ್ದಕ್ಕೂ ಕಪ್ಪಾಗಿದ್ದರೆ ಎಲ್ಲೋ ಬೆಳಕು ನುಗ್ಗಿದೆ. ಲ್ಯಾಬಿನವರ ಜೊತೆ ಜಗಳಕ್ಕೆ ಹೋಗುವ ಮುಂಚೆ ಅಂಚು ನೋಡಿ. ನಾನು ಮನಸ್ಸಲ್ಲೇ ಬೈದಿದ್ದರಿಂದ ಮರ್ಯಾದೆ ಉಳಿಯಿತು.

ಆಗಿದ್ದು ಏನೆಂದರೆ, ಫಿಲ್ಮಿನ ತುದಿ ಎಳೆದುಕೊಳ್ಳುವ ಸುರುಳಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಶಟರ್ ಟಪ್ ಅನ್ನುತ್ತಿತ್ತು, ಕೌಂಟರ್ ಓಡುತ್ತಿತ್ತು, ಫಿಲ್ಮ್ ಮಾತ್ರ ಡಬ್ಬಿಯೊಳಗೆ ಸುಮ್ನೆ ಕೂತಿತ್ತು. ಕೌಂಟರ್ ಎಣಿಸುವುದು ಲಿವರ್ ಎಷ್ಟು ಸಲ ಎಳೆದಿರಿ ಅನ್ನುವುದನ್ನು, ಫಿಲ್ಮ್ ಎಷ್ಟು ಸರಿಯಿತು ಅನ್ನುವುದನ್ನಲ್ಲ. ಈಗ ರೋಲ್ ಹಾಕಿ ಹಿಂಬಾಗಿಲು ಮುಚ್ಚಿದ ಮೇಲೆ, ಎಡಗಡೆಯ ರಿವೈಂಡ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯುತ್ತೇನೆ. ಆಮೇಲೆ ಲಿವರ್ ಎಳೆದಾಗ ಆ ಗುಂಡಿ ತಾನೇ ತಿರುಗಬೇಕು. ತಿರುಗಿದರೆ ಫಿಲ್ಮ್ ಓಡುತ್ತಿದೆ. ಮೊದಲ ಮೂರು ಎಳೆತಕ್ಕೂ ಕಣ್ಣು ಆ ಗುಂಡಿಯ ಮೇಲೇ ಇರಲಿ.

ಮೀಟರ್‌ಗೆ ಲೋಕವೆಲ್ಲ ಬೂದು

ಕೆ 1000ರ ವ್ಯೂಫೈಂಡರ್ ಬಲಗಡೆ ಬೆಳಕು ಅಳೆಯುವ ಮೀಟರಿನ ಒಂದು ಮುಳ್ಳು ಇದೆ. ಮುಳ್ಳು ನಡುವೆ ನಿಂತರೆ ಬೆಳಕು ಸರಿ ಅಂತ ಲೆಕ್ಕ. ಯಾವುದಕ್ಕೆ ಸರಿ? ಚೌಕಟ್ಟಿನಲ್ಲಿ ಇರುವುದೆಲ್ಲ ಸರಾಸರಿ ನಡುಬೂದು ಬಣ್ಣದ್ದು ಅಂದುಕೊಂಡರೆ ಸರಿ. ಪಾಠದಲ್ಲಿ ಇದಕ್ಕೆ 18 ಪರ್ಸೆಂಟ್ ಬೂದು ಅನ್ನುತ್ತಾರೆ. ಬಿಳಿ ತೋರಿಸಿದರೂ ಅದನ್ನು ಬೂದು ಮಾಡಲು ನೋಡುತ್ತದೆ, ಕಪ್ಪು ತೋರಿಸಿದರೂ ಬೂದು ಮಾಡಲು ನೋಡುತ್ತದೆ.

ನಮ್ಮ ಕಡೆ ಇದನ್ನು ಕಲಿಯಲು ಎರಡು ಒಳ್ಳೇ ಜಾಗಗಳಿವೆ. ಒಂದು ಧಾರೆ ಸೀರೆ, ಇನ್ನೊಂದು ಹಳೇಬೀಡು.

ಧಾರೆ ಮುಗಿದ ಮೇಲೆ ಛತ್ರದ ಬಾಗಿಲ ಪಕ್ಕ ಮದುಮಗಳನ್ನು ನಿಲ್ಲಿಸಿ ಎರಡು ಫ್ರೇಮ್ ತೆಗೆದೆ. ಬಿಳಿ ಸೀರೆ, ಕೆಂಪು ಅಂಚು. ಐಎಸ್ಒ 400ರ ಕಪ್ಪು ಬಿಳುಪು ಫಿಲ್ಮ್. ಮುಳ್ಳು ಹೇಳಿದ್ದು ಎಫ್ 4, 1/250. ಹೇಳಿದ ಹಾಗೇ ಮಾಡಿದೆ. ಸೀರೆ ಬೂದಿ ನೀರಲ್ಲಿ ಅದ್ದಿ ತೆಗೆದ ಹಾಗೆ ಬಂತು. ಅದಕ್ಕಿಂತ ಕೆಟ್ಟದ್ದು, ಆ ಹುಡುಗಿಯ ಜಡೆ, ಕಣ್ಣಿನ ಕೆಳಗಿನ ನೆರಳು ಎಲ್ಲ ಒಂದೇ ಕಪ್ಪು ಮುದ್ದೆ. ಅಲ್ಲಿ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಬೆಳಕು ಕೊಡಬೇಕಿತ್ತು, ಅಂದರೆ ಎಫ್ 4ರಲ್ಲೇ 1/60.

ಹಳೇಬೀಡಿನದು ಇದರ ಉಲ್ಟಾ. ಅಲ್ಲಿನದು ಬಳಪದ ಕಲ್ಲು. ಗಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿ ಬೆಳಕಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಹೊಯ್ಸಳರ ಶಿಲ್ಪಿಗಳಿಗೆ ಒಡವೆ ಮಾಡಿದಷ್ಟು ಸಣ್ಣಗೆ, ಆಳಕ್ಕೆ ಕೊರೆಯಲು ಆಯಿತು. ಫೋಟೋ ತೆಗೆಯುವವನಿಗೆ ಇದರ ಅರ್ಥ: ಕಲ್ಲು ಕಪ್ಪು, ನೆರಳು ಇನ್ನೂ ಕಪ್ಪು. ಗುಡಿಯ ಮುಖ ಪೂರ್ವಕ್ಕೆ, ಹಾಗಾಗಿ ಹಿಂದಿನ ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಮೇಲೆ ಬಿಸಿಲು ಬರುತ್ತದೆ. ಮೂರು ಗಂಟೆಯ ಬಿಸಿಲಲ್ಲಿ ಮುಳ್ಳು ಎಫ್ 16ಕ್ಕೆ 1/250 ಕೇಳಿತು, ಹಾಗೇ ಕೊಟ್ಟೆ. ಆದರೆ ‘ಬಿಸಿಲು 16’ ಲೆಕ್ಕ ಬೇರೆ ಹೇಳುತ್ತದೆ. ಚೆನ್ನಾಗಿ ಬಿಸಿಲಿದ್ದಾಗ ಎಫ್ 16 ಇಟ್ಟು, ಶಟರ್ ಅನ್ನು ಫಿಲ್ಮಿನ ಐಎಸ್ಒಗೆ ಹತ್ತಿರದ ಸಂಖ್ಯೆಗೆ ಇಡುವುದು. 400 ಫಿಲ್ಮಿಗೆ 1/500. ಒಂದು ಸ್ಟಾಪ್ ವ್ಯತ್ಯಾಸ. ಮುಳ್ಳು ಕಪ್ಪು ಕಲ್ಲನ್ನು ನೋಡಿ ಬೆಳಕು ಸಾಲದು ಅಂದುಕೊಂಡಿತ್ತು. ಬಿಸಿಲು 16 ಕಲ್ಲನ್ನು ನೋಡುವುದೇ ಇಲ್ಲ, ಕಲ್ಲಿನ ಮೇಲೆ ಬೀಳುವ ಬಿಸಿಲನ್ನು ಮಾತ್ರ ನೋಡುತ್ತದೆ. ತೆಳು ಮೋಡಕ್ಕೆ ಎಫ್ 11, ಪೂರ್ತಿ ಮೋಡಕ್ಕೆ ಎಫ್ 8, ನೆರಳಿಗೆ ಎಫ್ 5.6 ಅಥವಾ 4. ಮಲೆನಾಡಿನ ಜುಲೈಗೆ ಈ ಲೆಕ್ಕ ನಂಬಬೇಡಿ. ಅಲ್ಲಿ ಹಗಲೇ ಸಂಜೆ.

ಈ ಎರಡು ತಪ್ಪು ಸಮ ಅಲ್ಲ. ಹಳೇಬೀಡಿನ ಜಾಸ್ತಿ ಬೆಳಕಿನ ನೆಗೆಟಿವ್ ಗಟ್ಟಿಯಾಗಿ, ಅಂದರೆ ದಟ್ಟ ಕಪ್ಪಾಗಿ ಬಂದಿತ್ತು, ಪ್ರಿಂಟಿನಲ್ಲಿ ಇಳಿಸಿ ಸರಿ ಮಾಡಬಹುದಿತ್ತು. ಮದುಮಗಳ ನೆಗೆಟಿವ್ ತೆಳುವಾಗಿತ್ತು. ನೆರಳಿದ್ದ ಕಡೆ ಫಿಲ್ಮಿನ ಬೆಳ್ಳಿ ಹರಳಿಗೆ ಬೆಳಕೇ ತಾಗಿಲ್ಲ, ತೊಳೆದಾಗ ಅಲ್ಲಿ ಏನೂ ಉಳಿದಿಲ್ಲ. ಇಲ್ಲದ್ದನ್ನು ಯಾವ ಸ್ಕ್ಯಾನರೂ ತರುವುದಿಲ್ಲ.

ನಮ್ಮಂಥ ಮದುವೆ ಫೋಟೋಗ್ರಾಫರುಗಳು ಎಡವುವುದು ಇಲ್ಲೇ. ಡಿಜಿಟಲ್‌ನಲ್ಲಿ ಬಿಳಿ ಸುಟ್ಟುಹೋದರೆ ಮುಗಿಯಿತು, ನೆರಳನ್ನು ಆಮೇಲೆ ಎತ್ತಬಹುದು. ಅದಕ್ಕೆ ಬೆಳಗ್ಗೆಯಿಂದ ಸಂಜೆವರೆಗೂ ಅರ್ಧ ಸ್ಟಾಪ್ ಕಮ್ಮಿ ಇಟ್ಟೇ ತೆಗೆಯುತ್ತೇವೆ. ಅದೇ ಕೈಯಲ್ಲಿ ಫಿಲ್ಮ್ ಕ್ಯಾಮೆರಾ ಹಿಡಿದರೆ ಬೆರಳು ತಾನಾಗಿ ಕಮ್ಮಿ ಕಡೆಗೇ ತಿರುಗಿಸುತ್ತದೆ. ನೆಗೆಟಿವ್ ಫಿಲ್ಮಿಗೆ ಬೇಕಾದ್ದು ನೆರಳಿಗೆ ಹೊಟ್ಟೆ ತುಂಬ ಬೆಳಕು. ನೆಗೆಟಿವ್ ಆಗದೆ ನೇರ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮ್ ಮಾತ್ರ ಡಿಜಿಟಲ್ ಥರ, ಅದರ ಸಹವಾಸ ಈಗಲೇ ಬೇಡ. ಕೈಯ ಚಾಳಿ ಬಿಡಿಸಲು ನಾನು ಕಂಡುಕೊಂಡ ಉಪಾಯ: 400ರ ಫಿಲ್ಮ್ ಹಾಕಿ ಐಎಸ್ಒ ಡಯಲ್ 200ಕ್ಕೆ ಇಡುತ್ತೇನೆ. ತೊಳೆಯುವುದು ಮಾಮೂಲಿ 400ರ ಲೆಕ್ಕದಲ್ಲೇ. ಒಂದು ಸ್ಟಾಪ್ ಗಂಟು ಕಟ್ಟಿ ಇಟ್ಟ ಹಾಗೆ. ಈ ಕ್ಯಾಮೆರಾ ಫಿಲ್ಮ್ ಡಬ್ಬಿ ಮೇಲಿನ ಐಎಸ್ಒ ಸಂಕೇತ ಓದುವುದಿಲ್ಲ. ರೋಲ್ ಬದಲಿಸಿದಾಗೆಲ್ಲ ಡಯಲ್ ನಾವೇ ತಿರುಗಿಸಬೇಕು, ಮರೆಯುತ್ತೇವೆ ಕೂಡ.

ಇನ್ನೊಂದು ಉಪಾಯ ಆ ಹಿರಿಯರದು. ಬಿಳಿ ಸೀರೆ, ಕರಿ ಕಲ್ಲು ಯಾವುದನ್ನೂ ಅಳೆಯಬೇಡ, ನಿನ್ನ ಅಂಗೈ ಅಳಿ ಅಂದರು. ಮೈಬಣ್ಣ ಏನೇ ಇರಲಿ, ಅಂಗೈ ಎಲ್ಲರದೂ ಹೆಚ್ಚುಕಮ್ಮಿ ಒಂದೇ, ನಡುಬೂದಿಗಿಂತ ಒಂದು ಸ್ಟಾಪ್ ಬೆಳ್ಳಗೆ. ಚಿತ್ರದ ಮೇಲೆ ಬೀಳುವ ಬೆಳಕೇ ಅಂಗೈ ಮೇಲೂ ಬೀಳುವ ಹಾಗೆ ಹಿಡಿದು, ಚೌಕಟ್ಟು ತುಂಬ ಅಂಗೈ ತೋರಿಸಿ, ಮುಳ್ಳು ಹೇಳಿದ್ದಕ್ಕಿಂತ ಒಂದು ಸ್ಟಾಪ್ ತೆರೆಯಿರಿ. ಫೋಕಸ್ ಆಗದಿದ್ದರೂ ನಡೆಯುತ್ತದೆ. ಮದುವೆ ಮನೆಯಲ್ಲಿ ಅಂಗೈ ನೋಡಿಕೊಂಡು ನಿಂತರೆ ಯಾರಾದರೂ ‘ಏನ್ ಸ್ವಾಮಿ, ಭವಿಷ್ಯ ನೋಡ್ಕೊತಿದೀರಾ’ ಅನ್ನುತ್ತಾರೆ. ಅನ್ನಲಿ.

ಸ್ಕ್ಯಾನ್ ನಂಬಬೇಡಿ

ಲ್ಯಾಬಿನ ಸ್ಕ್ಯಾನರ್ ತಾನೇ ಬೆಳಕು ಸರಿ ಮಾಡಿ ಕಳಿಸುತ್ತದೆ. ಒಂದು ಸ್ಟಾಪ್ ಜಾಸ್ತಿ ಕೊಟ್ಟಿದ್ದೂ, ಎರಡು ಸ್ಟಾಪ್ ಜಾಸ್ತಿ ಕೊಟ್ಟಿದ್ದೂ ಫೋನಿನಲ್ಲಿ ಒಂದೇ ಥರ ಕಾಣುತ್ತದೆ. ಆರು ತಿಂಗಳು ಸ್ಕ್ಯಾನ್ ನೋಡಿಕೊಂಡೇ ‘ನಂಗೆ ಬಂತು’ ಅಂದುಕೊಂಡಿದ್ದೆ. ನೆಗೆಟಿವ್ ವಾಪಸ್ ಕೇಳಿ ತೆಗೆದುಕೊಳ್ಳಿ. ಬಿಳಿ ಹಾಳೆಯ ಮುಂದೆ ಹಿಡಿದು, ಚಿತ್ರದಲ್ಲಿ ಅತಿ ಕಪ್ಪಾಗಿರಬೇಕಾದ ಜಾಗ ಹುಡುಕಿ. ನೆಗೆಟಿವ್‌ನಲ್ಲಿ ಅದು ಅತಿ ತೆಳು ಜಾಗ. ಅಲ್ಲೂ ಏನಾದರೂ ಗೆರೆ, ಮಡಿಕೆ ಕಂಡರೆ ನೆರಳಿಗೆ ಬೆಳಕು ಸಿಕ್ಕಿದೆ. ಎರಡು ಫ್ರೇಮಿನ ನಡುವಿನ ಖಾಲಿ ಪಟ್ಟಿಯಷ್ಟೇ ತೆಳುವಾಗಿದ್ದರೆ ಸಿಕ್ಕಿಲ್ಲ.

ಇದಕ್ಕೆ ಜೊತೆಗೆ ಒಂದು ಸಣ್ಣ ಪುಸ್ತಕ ಬೇಕು. ನಾನು ಪ್ರತಿ ಫ್ರೇಮಿಗೂ ಎಫ್, ಶಟರ್, ಎಲ್ಲಿ ಅಳೆದೆ, ಅಷ್ಟು ಮಾತ್ರ ಬರೆಯುತ್ತೇನೆ. ‘ಎಲ್ಲಿ ಅಳೆದೆ’ ಅನ್ನುವುದೇ ಮುಖ್ಯ. ಅದಿಲ್ಲದೆ ಉಳಿದ ಎರಡು ಸಂಖ್ಯೆ ಯಾತಕ್ಕೂ ಬರುವುದಿಲ್ಲ.

ಕೆಲಸ, ಕಲಿಕೆ

ದುಡ್ಡು ಕೊಟ್ಟವರ ಮುಹೂರ್ತದ ಮೇಲೆ ಫಿಲ್ಮ್ ಕಲಿಯಬೇಡಿ. ಮಾಂಗಲ್ಯ ಕಟ್ಟುವುದು ಎರಡನೇ ಸಲ ನಡೆಯುವುದಿಲ್ಲ. ಧಾರೆ ಮುಗಿದು, ಎಲ್ಲರೂ ಊಟದ ಪಂಕ್ತಿಗೆ ಓಡುವಾಗ ಸಿಗುವ ಇಪ್ಪತ್ತು ನಿಮಿಷ ನನ್ನ ಫಿಲ್ಮ್ ಸಮಯ. ಅಡುಗೆ ಭಟ್ಟರು, ವಾಲಗದವರು, ಮೂಲೆಯಲ್ಲಿ ನಿದ್ದೆ ಮಾಡುವ ಮಕ್ಕಳು. ಮಂಟಪದ ಎಲ್‌ಇಡಿ ಬಣ್ಣಕ್ಕೆ ಕಲರ್ ಫಿಲ್ಮ್ ಗಾಬರಿಯಾಗುತ್ತದೆ, ಕಪ್ಪು ಬಿಳುಪೇ ಸರಿ. ಫ್ಲಾಶ್ ಹಾಕುವುದಾದರೆ ಈ ಕ್ಯಾಮೆರಾದಲ್ಲಿ ಶಟರ್ 1/60ರ ವೇಗ ಮೀರಬೇಡಿ. ಮೀರಿದರೆ ಫ್ರೇಮಿನ ಒಂದು ಭಾಗ ಕತ್ತಲು.

ಒಂದು ರೋಲನ್ನು ಎರಡು ಕೆಲಸಕ್ಕೆ ಹಂಚಬೇಡಿ ಅಂತಲೂ ಹೇಳುತ್ತೇನೆ. ಆದರೆ ನಾನೇ ಪಾಲಿಸುವುದಿಲ್ಲ.

ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಇಲ್ಫೋರ್ಡ್ ಎಚ್‌ಪಿ 5 ಫಿಲ್ಮಿಗೆ ಡಿ-76 ಡೆವಲಪರ್, ನೀರು ಬೆರೆಸದೆ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಬೇಸಿಗೆಯಲ್ಲಿ ನಲ್ಲಿ ನೀರು 20 ಡಿಗ್ರಿ ಇರುವುದಿಲ್ಲ. ಮಣ್ಣಿನ ಮಡಕೆಯ ನೀರಿಗೆ ಡೆವಲಪರ್ ಬಾಟಲಿ ಇಳಿಬಿಟ್ಟು, ಥರ್ಮಾಮೀಟರ್ ನೋಡುತ್ತಾ ಕೂರುತ್ತೇನೆ. ಕಲರ್ ಫಿಲ್ಮ್ ತೊಳೆಯುವ ಸಿ-41 ವಿಧಾನಕ್ಕೆ 38 ಡಿಗ್ರಿಯನ್ನು ಅಲುಗದ ಹಾಗೆ ಹಿಡಿಯಬೇಕು, ಅದನ್ನು ಲ್ಯಾಬಿಗೇ ಬಿಟ್ಟಿದ್ದೇನೆ.

ಹಳೇ ಲೆನ್ಸ್ ಕೊಳ್ಳುವವರು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಮೂಡಿಗೆರೆ, ಸಕಲೇಶಪುರದ ಮಳೆಗಾಲ ಕಂಡ ಲೆನ್ಸ್ ಆದರೆ ಎರಡು ಸಲ ನೋಡಿ. ತಂದ ಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಕೆ 1000ರ ಮೀಟರ್‌ಗೆ ಸ್ವಿಚ್ ಇಲ್ಲ, ಲೆನ್ಸ್ ಮುಚ್ಚಳ ಹಾಕದಿದ್ದರೆ ಬ್ಯಾಟರಿ ಸುಮ್ನೆ ಖರ್ಚಾಗುತ್ತದೆ.

ಈ ವರ್ಷದ ಹೂವು

ಈ ಮಾರ್ಚ್‌ನಲ್ಲೂ ಅದೇ ತೋಟ, ಈ ಸಲ ಎರಡು ಬೆಳಗ್ಗೆ ಸಿಕ್ಕಿತು. ಗುಂಡಿ ತಿರುಗಿದ್ದು ನೋಡಿಕೊಂಡೆ. ಸಿಲ್ವರ್ ಓಕ್ ನೆರಳಿನಲ್ಲಿ ಅಂಗೈ ಅಳೆದು, ಒಂದು ಸ್ಟಾಪ್ ತೆರೆದು, ಎಫ್ 4, 1/60. ನೆಗೆಟಿವ್ ತೆಗೆದುಕೊಂಡು ಅದೇ ಹಿರಿಯರ ಹತ್ತಿರ ಹೋದೆ. ಸಾರ್ ಭೂತಗನ್ನಡಿ ಹಿಡಿದು ಎಲೆಯ ಕೆಳಗಿನ ನೆರಳು ನೋಡಿದರು, ತಲೆ ಆಡಿಸಿದರು. 22ನೇ ಫ್ರೇಮಿನಲ್ಲಿ ನಿಂತರು.

‘ಇಲ್ಲಿ ಜೇನು ಅಂತ ಬರ್ಕೊಂಡಿದೀಯ. ಎಲ್ಲಪ್ಪ ಜೇನು?’

‘ಅಲುಗಾಡಿಬಿಟ್ಟಿದೆ ಸಾರ್. 1/60ಕ್ಕೆ ನಿಲ್ಲಲಿಲ್ಲ.’

‘1/250 ಇಡಬೇಕಿತ್ತು.’

1/60ರಿಂದ 1/250ಕ್ಕೆ ಎರಡು ಸ್ಟಾಪ್. ಹಾಗಾದರೆ ಎಫ್ 4 ಹೋಗಿ ಎಫ್ 2. ನನ್ನ 50 ಎಂಎಂ ಲೆನ್ಸ್ ಅಲ್ಲಿಗೇ ಮುಗಿಯುತ್ತದೆ, ಅದಕ್ಕಿಂತ ತೆರೆಯುವುದಿಲ್ಲ. ಅಷ್ಟು ಹತ್ತಿರದಲ್ಲಿ ಎಫ್ 2 ಇಟ್ಟರೆ ಜೇನಿನ ಕಣ್ಣೋ ರೆಕ್ಕೆಯೋ, ಒಂದೇ ಫೋಕಸ್ಸಿನಲ್ಲಿರುತ್ತದೆ. ಪುಸ್ತಕದಲ್ಲಿ 22ರ ಪಕ್ಕ ‘ಕಣ್ಣು’ ಅಂತ ಬರೆದು, ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದೇನೆ.