ಫೆಬ್ರವರಿಗೆ ಯಾಕೆ ದಿನ ಕಡಿಮೆ?

ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಎಂದರೆ ಏಳು, ಡೆಕೆಮ್ ಎಂದರೆ ಹತ್ತು. ಆದರೆ ಸೆಪ್ಟೆಂಬರ್ ಒಂಬತ್ತನೇ ತಿಂಗಳು, ಡಿಸೆಂಬರ್ ಹನ್ನೆರಡನೆಯದು! ರೋಮನ್ನರ ಹಳೆಯ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತಿತ್ತು. ಮಾರ್ಚ್‌ನಿಂದ ಎಣಿಸಿ ನೋಡಿ, ಹೆಸರು ಸರಿಹೋಗುತ್ತದೆ.

ಅವರಿಗೆ ಸಮಸಂಖ್ಯೆ ಅಶುಭ. ಹಾಗಾಗಿ ನಾಲ್ಕು ತಿಂಗಳಿಗೆ 31 ದಿನ, ಏಳಕ್ಕೆ 29. ಸತ್ತವರ ಕಾರ್ಯ, ಶುದ್ಧಿಕರ್ಮಗಳ ತಿಂಗಳಾದ ಫೆಬ್ರವರಿಗೆ ಮಾತ್ರ 28. ಒಟ್ಟು 355. ಕೊರತೆ ತುಂಬಲು ಆಗಾಗ ಫೆಬ್ರವರಿಯ ಕೊನೆಯ ದಿನಗಳನ್ನು ಕತ್ತರಿಸಿ ಒಂದು ಹೆಚ್ಚುವರಿ ತಿಂಗಳು ಸೇರಿಸುತ್ತಿದ್ದರು. ನಮ್ಮ ಅಧಿಕಮಾಸದ ಹಾಗೆ ಅನ್ನಿಸಬಹುದು. ಆದರೆ ಅಧಿಕಮಾಸ ಗಣಿತದಿಂದ ಬರುತ್ತದೆ. ಇಲ್ಲಿ ತೀರ್ಮಾನ ಪುರೋಹಿತರ ಕೈಯಲ್ಲಿತ್ತು. ಅವರಲ್ಲಿ ರಾಜಕಾರಣಿಗಳೇ ಜಾಸ್ತಿ. ಬೇಕಾದವರ ಅಧಿಕಾರಾವಧಿ ಎಳೆಯಲು, ಬೇಡದವರದ್ದು ಮೊಟಕು ಮಾಡಲು ಕ್ಯಾಲೆಂಡರೇ ಸಾಧನವಾಯಿತು.

ಕೊನೆಗೆ ಋತುಗಳೇ ತಪ್ಪಿದವು. ಜೂಲಿಯಸ್ ಸೀಸರ್ ಕ್ರಿ.ಪೂ. 46ನ್ನು 445 ದಿನಗಳಿಗೆ ಹಿಗ್ಗಿಸಿ ಲೆಕ್ಕ ಸರಿಮಾಡಿದ. ಮರುವರ್ಷದಿಂದ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು. ಹೊಸ ಹತ್ತು ದಿನಗಳನ್ನು ಬೇರೆ ತಿಂಗಳುಗಳಿಗೆ ಹಂಚಿದ, ಫೆಬ್ರವರಿಯನ್ನು ಮುಟ್ಟಲಿಲ್ಲ. ಅಧಿಕ ದಿನ ಮಾತ್ರ ಹಳೆಯ ಹೆಚ್ಚುವರಿ ತಿಂಗಳ ಜಾಗಕ್ಕೇ ಬಂತು. ಅದು 29ನೇ ತಾರೀಖು ಆಗಿರಲಿಲ್ಲ. ಫೆಬ್ರವರಿ 24ನ್ನೇ ಎರಡು ಸಲ ಎಣಿಸುತ್ತಿದ್ದರು!

ಈಗ ನನಗೆ ತುಂಬ ಇಷ್ಟವಾದ ಭಾಗ. ರೋಮನ್ನರು ಎಣಿಸುವಾಗ ಎರಡೂ ತುದಿಗಳನ್ನು ಸೇರಿಸುತ್ತಿದ್ದರು. ಹಬ್ಬದ ಮೂರನೇ ದಿನ ಎನ್ನುವಾಗ ನಾವೂ ಮೊದಲ ದಿನವನ್ನು ಸೇರಿಸುತ್ತೇವೆ, ಅಲ್ವಾ? ಹಾಗೇ 'ನಾಲ್ಕನೇ ವರ್ಷ' ಎಂದಾಗ ಹಿಂದಿನ ಅಧಿಕ ವರ್ಷವನ್ನೂ ಎಣಿಸಿದರು. ಸೀಸರ್ ಸತ್ತ ಮೇಲೆ ಪುರೋಹಿತರು ಮೂರು ವರ್ಷಕ್ಕೊಮ್ಮೆ ಅಧಿಕ ದಿನ ಹಾಕತೊಡಗಿದರು. 36 ವರ್ಷಗಳಲ್ಲಿ 9 ದಿನಗಳ ಬದಲು 12 ಸೇರಿಬಿಟ್ಟವು. ಆಗಸ್ಟಸ್ ಚಕ್ರವರ್ತಿ ಕೆಲವು ವರ್ಷ ಅಧಿಕ ದಿನವನ್ನೇ ನಿಲ್ಲಿಸಿ ಇದನ್ನು ತಿದ್ದಿದ.

ಐದನೆಯದು ಎಂಬ ಅರ್ಥದ ಕ್ವಿಂಟಿಲಿಸ್ ಕ್ರಿ.ಪೂ. 44ರಲ್ಲಿ ಜುಲೈ ಆಯಿತು. ಆರನೆಯದಾದ ಸೆಕ್ಸ್‌ಟಿಲಿಸ್ ಕ್ರಿ.ಪೂ. 8ರಲ್ಲಿ ಆಗಸ್ಟ್. ಆಗಸ್ಟಸ್ ತನ್ನ ತಿಂಗಳಿಗೆ ಫೆಬ್ರವರಿಯಿಂದ ಒಂದು ದಿನ ಕದ್ದ ಎಂಬ ಕಥೆ ಕೇಳಿರುತ್ತೀರಿ. ಅದು ಸುಮ್ನೆ ಕಟ್ಟಿದ್ದು: ಸೆಕ್ಸ್‌ಟಿಲಿಸ್‌ಗೆ 31 ದಿನ ಕೊಟ್ಟದ್ದು ಸೀಸರನ ಸುಧಾರಣೆ, ಫೆಬ್ರವರಿಗೆ ಮೊದಲಿನಿಂದಲೂ 28.

ಸೀಸರನ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಹೆಚ್ಚು ಉದ್ದವಾಗಿತ್ತು. ಶತಮಾನಗಳು ಕಳೆದಂತೆ ಈ ವ್ಯತ್ಯಾಸ ದಿನಗಳಷ್ಟಾಯಿತು. 1582ರಲ್ಲಿ ಪೋಪ್ ಗ್ರೆಗರಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಘೋಷಿಸಿದರು. ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ ಎಂದೂ ಸೇರಿಸಿದರು. ಹಾಗಾಗಿ 2000ಕ್ಕೆ ಫೆಬ್ರವರಿ 29 ಇತ್ತು, 1900ಕ್ಕೆ ಇರಲಿಲ್ಲ.