ಪಾದರಕ್ಷೆಗಳ ಕೋಣೆಯಿಂದ ಹೊರಬಂದ ಮೇಲೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿಗಳು ನಡೆಸಿದ ಯಹೂದಿಗಳ ನರಮೇಧಕ್ಕೆ ಹೊಲೊಕಾಸ್ಟ್ ಎಂದು ಹೆಸರು. ವಾಷಿಂಗ್ಟನ್‌ನ ಹೊಲೊಕಾಸ್ಟ್ ಸ್ಮಾರಕ ಮ್ಯೂಸಿಯಂನಲ್ಲಿ ಒಂದು ಕೋಣೆಗೆ ಕಾಲಿಟ್ಟರೆ ಹಳೆಯ ಚರ್ಮದ ವಾಸನೆ ಮೂಗಿಗೆ ತಾಗುತ್ತದೆ. ನಡೆಯುವ ದಾರಿಯ ಎರಡೂ ಬದಿಗೆ ಪಾದರಕ್ಷೆಗಳ ರಾಶಿ. ಪೋಲೆಂಡ್‌ನಲ್ಲಿದ್ದ ಮೈದಾನೆಕ್ ನಾಜಿ ಶಿಬಿರದಿಂದ ತಂದ ಸುಮಾರು 4,000 ಚಪ್ಪಲಿ, ಬೂಟುಗಳು. ಬಣ್ಣ ಮಾಸಿ ಎಲ್ಲವೂ ಬೂದಿಯಂತಾಗಿವೆ. ಇದನ್ನು ಕಂಡವರಿಗೆ ಮಾತು ಹೊರಡುವುದು ಕಷ್ಟ. ಆದರೂ ಅವರನ್ನು ಕೂರಿಸಿ ಮಾತನಾಡಿಸಬೇಕು ಎಂಬ ತಿಳಿವಳಿಕೆ ಬರಲು ದಶಕಗಳೇ ಹಿಡಿದವು.

1947ರಲ್ಲಿ ಪೋಲೆಂಡ್‌ನಲ್ಲೇ ಇದ್ದ ಇನ್ನೊಂದು ನಾಜಿ ಶಿಬಿರ ಆಶ್‌ವಿಟ್ಜ್ ಅನ್ನು ಮ್ಯೂಸಿಯಂ ಮಾಡಿದಾಗ ಆ ಕೆಲಸಕ್ಕೆ ನಿಂತವರಲ್ಲಿ ಅಲ್ಲಿಯೇ ಕೈದಿಗಳಾಗಿದ್ದವರಿದ್ದರು. ಸೂಟ್‌ಕೇಸುಗಳು, ಕನ್ನಡಕಗಳು, ಹೆಂಗಸರ ತಲೆಯಿಂದ ಕತ್ತರಿಸಿದ ಕೂದಲು: ಇವನ್ನು ಕಾಪಾಡಿ ಲೋಕಕ್ಕೆ ತೋರಿಸುವುದೇ ಆಗಿನ ತುರ್ತು. ನೋಡಿದವರು ಮುಂದೆ ಏನು ಮಾಡಬೇಕು ಎಂದು ಕೇಳುವ ಪುರುಸೊತ್ತು ಯಾರಿಗಿತ್ತು?

ಜರ್ಮನಿಯಲ್ಲಿ ನೋಡುವುದಕ್ಕೇ ಮನಸ್ಸಿರಲಿಲ್ಲ. ಬರ್ಲಿನ್‌ನ ವಾನ್ಸೀ ಸರೋವರದ ದಡದ ಬಂಗಲೆಯೊಂದರಲ್ಲಿ 1942ರ ಜನವರಿ 20ರಂದು 15 ಅಧಿಕಾರಿಗಳು ಸೇರಿ, ಯುರೋಪಿನ ಯಹೂದಿಗಳ ನಿರ್ನಾಮಕ್ಕೆ ಯಾವ ಇಲಾಖೆ ಏನು ಮಾಡಬೇಕೆಂದು ಚರ್ಚಿಸಿದ್ದರು. ಅವರಲ್ಲಿ 8 ಮಂದಿ ಡಾಕ್ಟರೇಟ್ ಪಡೆದವರು. ಯುದ್ಧ ಮುಗಿದ ಮೇಲೆ ಆ ಬಂಗಲೆ ಶಾಲಾ ಮಕ್ಕಳ ತಂಗುದಾಣವಾಯಿತು. ಆಶ್‌ವಿಟ್ಜ್‌ನಿಂದ ಬದುಕಿ ಬಂದ ಇತಿಹಾಸಕಾರ ಯೋಸೆಫ್ ವುಲ್ಫ್, ಅಲ್ಲೊಂದು ದಾಖಲೆ ಕೇಂದ್ರ ಆಗಲೇಬೇಕೆಂದು 1960ರ ದಶಕದಲ್ಲಿ ಬಾಗಿಲು ಬಾಗಿಲು ಬಡಿದರು. ಯಾವ ಬಾಗಿಲೂ ತೆರೆಯಲಿಲ್ಲ. 1974ರಲ್ಲಿ ಅವರು ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಸಭೆ ನಡೆದು 50 ವರ್ಷವಾದಾಗ, 1992ರಲ್ಲಿ, ಆ ಮನೆ ಸ್ಮಾರಕವಾಯಿತು. ಅಲ್ಲಿನ ಗ್ರಂಥಾಲಯಕ್ಕೆ ಈಗ ವುಲ್ಫ್ ಅವರದೇ ಹೆಸರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈ ನಡುವೆ ಶಿಕ್ಷಣದ ವಲಯದಲ್ಲಿ ಮಹತ್ವದ ಒಂದು ಬೆಳವಣಿಗೆಯಾಗಿತ್ತು. 1976ರಲ್ಲಿ ಜರ್ಮನಿಯ ಬೊಯಿಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿದ ರಾಜಕೀಯ ಶಿಕ್ಷಣದ ತಜ್ಞರ ಚರ್ಚೆಯಿಂದ ಒಂದು ಒಮ್ಮತ ಮೂಡಿತು. ವಿದ್ಯಾರ್ಥಿಯನ್ನು ತಬ್ಬಿಬ್ಬುಗೊಳಿಸಿ ತಮ್ಮ ಅಭಿಪ್ರಾಯವನ್ನು ಅವನ ಮೇಲೆ ಹೇರಕೂಡದು. ಅವನು ತಾನೇ ಯೋಚಿಸಿ ಒಂದು ನಿಲುವಿಗೆ ಬರಲು ಬಿಡಬೇಕು. ಸ್ಮಾರಕಗಳಿಗೂ ಇದು ಅನ್ವಯವಾಯಿತು. ಬೆಚ್ಚಿಬಿದ್ದ ಮನಸ್ಸು ಅಳಬಲ್ಲದು, ಆದರೆ ವಿಚಾರ ಮಾಡಲಾರದು. ಹೀಗಾಗಿ ವಾನ್ಸೀ ಮನೆಯಲ್ಲಿ ದಾದಿಯರು, ಸರ್ಕಾರಿ ನೌಕರರು ಹೀಗೆ ಒಂದೊಂದು ವೃತ್ತಿಯವರು ತಂಡವಾಗಿ ಕೂತು, ಆ ಕಾಲದಲ್ಲಿ ತಮ್ಮದೇ ವೃತ್ತಿಯವರು ಬರೆದ ಕಾಗದಪತ್ರಗಳನ್ನು ಓದಿ ಚರ್ಚಿಸುವ ಪದ್ಧತಿ ಬೆಳೆಯಿತು.

ವಾಷಿಂಗ್ಟನ್ ಮ್ಯೂಸಿಯಂ ಬಾಗಿಲು ತೆರೆದದ್ದು 1993ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲೇ, ಹತರಾದವರ ಕೂದಲನ್ನು ಪ್ರದರ್ಶನಕ್ಕೆ ಇಡಬೇಕೇ ಬೇಡವೇ ಎಂದು ಅಲ್ಲಿ ತೀವ್ರ ಚರ್ಚೆ ನಡೆದಿತ್ತು. ಅದು ತಮ್ಮ ತಾಯಿಯದೇ ಕೂದಲಾಗಿದ್ದರೆ ಎಂದು ಬದುಕುಳಿದವರು ಕೇಳಿದಾಗ ಉಳಿದವರ ವಾದ ಬಿದ್ದುಹೋಯಿತು. ಇಂದಿಗೂ ಅಲ್ಲಿರುವುದು ಕೂದಲಿನ ಚಿತ್ರ ಮಾತ್ರ. ಅದು ಸರಿಯಾದ ತೀರ್ಮಾನವೆಂದೇ ನನ್ನ ಭಾವನೆ.

ಆ ನಗರದ ಪೊಲೀಸ್ ಮುಖ್ಯಸ್ಥರಾಗಿ 1998ರಲ್ಲಿ ಬಂದ ಚಾರ್ಲ್ಸ್ ರ‍್ಯಾಮ್ಸಿ ಈ ಮ್ಯೂಸಿಯಂ ನೋಡಿದರು. ಅವರ ಮನಸ್ಸು ಕಲಕಿದ್ದು ಚಿತ್ರಗಳಲ್ಲಿದ್ದ ಪೊಲೀಸರು. 1933ರ ಒಂದು ಚಿತ್ರದಲ್ಲಿ ಬರ್ಲಿನ್‌ನ ಸಾಮಾನ್ಯ ಪೊಲೀಸನೊಬ್ಬ ನಾಜಿ ಪಡೆಯವನ ಜೊತೆ ಗಸ್ತು ಹೊರಟಿದ್ದಾನೆ. ಜೊತೆಯಲ್ಲಿರುವ ನಾಯಿಯ ಬಾಯಿಗೆ ಕುಕ್ಕೆ. ಜನರನ್ನು ಕಾಯಬೇಕಾದವನು ಅಲ್ಲಿಗೆ ಹೇಗೆ ಬಂದ? 1999ರಲ್ಲಿ ಶುರುವಾದ ತರಬೇತಿಯಲ್ಲಿ ಪೊಲೀಸರು ಪ್ರದರ್ಶನ ನೋಡಿದ ಮೇಲೆ ಒಂದೆಡೆ ಕೂತು ಇದನ್ನೇ ಚರ್ಚಿಸುತ್ತಾರೆ. 2000ದಿಂದ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಹೊಸ ಅಧಿಕಾರಿಗಳಿಗೂ ಈ ಭೇಟಿ ಕಡ್ಡಾಯವಾಯಿತು.

ಇದು ಊಹೆಯ ಪ್ರಶ್ನೆಯಲ್ಲ. 1942ರ ಜುಲೈ 13ರಂದು ಪೋಲೆಂಡ್‌ನ ಯೂಜೆಫುಫ್ ಹಳ್ಳಿಯಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರದ ಮೀಸಲು ಪೊಲೀಸರ 101ನೇ ಪಡೆಗೆ ಅಲ್ಲಿನ ಯಹೂದಿಗಳನ್ನು ಕೊಲ್ಲುವ ಆಜ್ಞೆ ಬಂತು. ಈ ಕೆಲಸ ತಮ್ಮಿಂದಾಗದು ಎನ್ನುವ ಹಿರಿಯ ವಯಸ್ಸಿನವರು ಈಚೆಗೆ ಬರಬಹುದು ಎಂದು ಪಡೆಯ ಮುಖ್ಯಸ್ಥ ಮೇಜರ್ ಟ್ರಾಪ್ ಹೇಳಿದ. ಸುಮಾರು 500 ಮಂದಿಯಲ್ಲಿ ಆ ಕ್ಷಣ ಈಚೆಗೆ ಬಂದವರು ಹನ್ನೆರಡರಷ್ಟು. ಅವರಿಗೆ ಶಿಕ್ಷೆಯೇನೂ ಆಗಲಿಲ್ಲ. ಅಂದು ಸುಮಾರು 1,500 ಜನ ಹತರಾದರು. 1960ರ ದಶಕದ ವಿಚಾರಣೆಯಲ್ಲಿ, ನೀವೇಕೆ ಹಿಂದೆ ಸರಿಯಲಿಲ್ಲ ಎಂದು ಕೇಳಿದಾಗ, ಜೊತೆಗಾರರ ಮುಂದೆ ಹೇಡಿ ಎನಿಸಿಕೊಳ್ಳಲು ಇಷ್ಟವಿರಲಿಲ್ಲ ಎಂದವರಿದ್ದರು.