ಮನಸ್ಸು ಕುಕ್ಕರ್ ಅಲ್ಲ

ಒಂದು ಸಂಜೆ ಪಕ್ಕದ ಮನೆಯವರು ಗಾಬರಿಯಿಂದ ಬಂದರು. ಕೈಯಲ್ಲಿ ಮಗನ ಡ್ರಾಯಿಂಗ್ ಪುಸ್ತಕ. ಆರು ವರ್ಷದ ಹುಡುಗ ಆನೆ ಬರೆದಿದ್ದ. ಆನೆ ಕಪ್ಪು, ಹಿಂದಿನ ಮರ ಕಪ್ಪು, ಮರದ ಎಲೆಯೂ ಕಪ್ಪು. ಮೊಬೈಲಿನಲ್ಲಿ ಒಂದು ಫಾರ್ವರ್ಡ್ ಬೇರೆ ಬಂದಿತ್ತು. ಮಗು ಕಪ್ಪು ಬಳಸಿದರೆ ಖಿನ್ನತೆ, ಕೆಂಪು ಬಳಸಿದರೆ ಸಿಟ್ಟು, ಮನುಷ್ಯನಿಗೆ ಕೈ ಬರೆಯದಿದ್ದರೆ ಆತ್ಮವಿಶ್ವಾಸ ಕಡಿಮೆ, ಹೀಗೆ ಉದ್ದಕ್ಕೆ. "ಆರ್ಟ್ ಥೆರಪಿ ಅಂತಾರಲ್ಲ, ಅಲ್ಲಿಗೆ ಕರ್ಕೊಂಡು ಹೋಗ್ಬೇಕಾ?" ಅಂತ ಕೇಳಿದರು.

ಕಲಾ ಚಿಕಿತ್ಸೆ ಅಂದರೆ ಚಿತ್ರ ನೋಡಿ ಭವಿಷ್ಯ ಹೇಳುವ ವಿದ್ಯೆ ಅಂತ ಬಹಳ ಜನ ತಿಳಿದಿದ್ದಾರೆ. ತಪ್ಪು ಅವರದೊಬ್ಬರದೇ ಅಲ್ಲ. ಓದಿಕೊಂಡ ಮನೋವಿಜ್ಞಾನಿಗಳೂ ಒಂದು ಕಾಲದಲ್ಲಿ ಇದೇ ಹಳ್ಳಕ್ಕೆ ಬಿದ್ದಿದ್ದರು. ರೋಗಿಯ ಕೈಯಲ್ಲಿ ಒಬ್ಬ ಮನುಷ್ಯನ ಚಿತ್ರ ಬರೆಸುವುದು, ಕಣ್ಣು ವಿಚಿತ್ರವಾಗಿದ್ದರೆ "ಇವರಿಗೆ ಅನುಮಾನದ ಸ್ವಭಾವ" ಅಂತ ಬರೆದುಕೊಳ್ಳುವುದು ಆಗ ನಡೆಯುತ್ತಿತ್ತು. ಅಮೆರಿಕದ ಲೋರೆನ್ ಚಾಪ್‌ಮನ್ ಮತ್ತು ಜೀನ್ ಚಾಪ್‌ಮನ್ 1967ರಲ್ಲಿ ಒಂದು ತುಂಟ ಪ್ರಯೋಗ ಮಾಡಿದರು. ಅಂಥ ಚಿತ್ರಗಳಿಗೆ ಮನಸ್ಸಿಗೆ ಬಂದ ಹಾಗೆ ರೋಗಲಕ್ಷಣಗಳ ಚೀಟಿ ಅಂಟಿಸಿದರು. ಚಿತ್ರಕ್ಕೂ ಚೀಟಿಗೂ ಯಾವ ಸಂಬಂಧವೂ ಇರಲಿಲ್ಲ. ಅವನ್ನು ಏನೂ ಗೊತ್ತಿಲ್ಲದ ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ಅನುಮಾನದ ಜನ ವಿಚಿತ್ರ ಕಣ್ಣು ಬರೆಯುತ್ತಾರೆ ಅಂತ ಆ ಹುಡುಗರೂ "ಕಂಡುಹಿಡಿದರು". ಅನುಮಾನ ಅಂದ ತಕ್ಷಣ ನಮಗೆ ಕಣ್ಣು ನೆನಪಾಗುತ್ತದೆ, ಆಮೇಲೆ ಎಲ್ಲಿ ನೋಡಿದರೂ ಅದೇ ಕಾಣುತ್ತದೆ. ಹಲ್ಲಿ ಯಾವ ಭುಜದ ಮೇಲೆ ಬಿದ್ದರೆ ಏನು ಫಲ ಅಂತ ಪಂಚಾಂಗದಲ್ಲಿ ಹುಡುಕುತ್ತೇವಲ್ಲ, ಆ ಲೆಕ್ಕಕ್ಕೂ ಈ ಲೆಕ್ಕಕ್ಕೂ ನನಗೇನೂ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು ನಂಬಿಕೆ ಇದಕ್ಕಿಂತ ಗಟ್ಟಿ. ಮನಸ್ಸು ಕುಕ್ಕರ್ ಇದ್ದ ಹಾಗೆ, ಒಳಗೆ ಹಬೆ ತುಂಬುತ್ತದೆ, ಚಿತ್ರ ಬರೆದರೆ ಸೀಟಿ ಹೊಡೆದು ಹಗುರವಾಗುತ್ತದೆ ಅನ್ನುವುದು. ಕೇಳಲು ಎಷ್ಟು ಚೆನ್ನಾಗಿದೆ! ಆದರೆ 2002ರಲ್ಲಿ ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ ಪ್ರಕಟಿಸಿದ ಪ್ರಯೋಗ ನೋಡಿ. ಮೊದಲು ಜನರಿಗೆ ಸಿಟ್ಟು ಬರಿಸಿದರು. ಕೆಲವರು ಸಿಟ್ಟು ಬರಿಸಿದವನನ್ನು ನೆನೆದುಕೊಂಡು ಪಂಚಿಂಗ್ ಬ್ಯಾಗಿಗೆ ಗುದ್ದಿದರು. ಕೆಲವರು ಸುಮ್ನೆ ಕೂತಿದ್ದರು. ಗುದ್ದಿದವರ ಸಿಟ್ಟೇ ಹೆಚ್ಚಾಗಿತ್ತು.

ಚಿತ್ರದ ವಿಷಯದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಅನ್ನುವ ಸಂಶೋಧಕರು ಜನರ ಮನಸ್ಸಿಗೆ ಮೊದಲು ಬೇಸರ ಬರಿಸಿ, ಆಮೇಲೆ ಚಿತ್ರ ಬರೆಸಿದರು. ಕೆಲವರು ಆ ಬೇಸರವನ್ನೇ ಬರೆಯಬೇಕು. ಉಳಿದವರು ಅದಕ್ಕೆ ಸಂಬಂಧವಿಲ್ಲದ ಏನನ್ನಾದರೂ ಬರೆಯಬೇಕು. ಮನಸ್ಸು ಹೆಚ್ಚು ತಿಳಿಯಾದದ್ದು ಬೇರೆ ಏನನ್ನೋ ಬರೆದವರಿಗೆ. ಮೊದಲ ಸಲ ಇದನ್ನು ಓದಿದಾಗ ನಾನೂ ನಂಬಿರಲಿಲ್ಲ.

ಯಾಕೆ ಹೀಗೆ? ನನಗೆ ಬಹಳ ಇಷ್ಟವಾದ ವಿವರಣೆ ಒಂದಿದೆ, ಸ್ವಲ್ಪ ಎಳೆದರೆ ಬೇಜಾರು ಮಾಡಿಕೊಳ್ಳಬೇಡಿ. ಈ ಕ್ಷಣದ ಕೆಲಸಕ್ಕೆ ಮನಸ್ಸಿನಲ್ಲಿರುವ ಜಾಗ ಬಹಳ ಚಿಕ್ಕದು. ಒಂದೇ ಬರ್ನರಿನ ಗ್ಯಾಸ್ ಒಲೆ ಅನ್ನಿ. ಚಿಂತೆಯ ಪಾತ್ರೆ ಅದರ ಮೇಲೆ ಕೂತರೆ ಇಳಿಯುವುದಿಲ್ಲ, ಕುದಿಯುತ್ತಲೇ ಇರುತ್ತದೆ. ಒಂದೇ ನೋವನ್ನು ಮತ್ತೆ ಮತ್ತೆ ಅಗಿಯುವ ಈ ಅಭ್ಯಾಸಕ್ಕೆ ಮನೋವಿಜ್ಞಾನಿಗಳು ಇಟ್ಟಿರುವ ಹೆಸರೂ ದನ ಮೆಲುಕು ಹಾಕುವುದರಿಂದಲೇ ಬಂದದ್ದು. "ಅದನ್ನ ಯೋಚನೆ ಮಾಡ್ಬೇಡ" ಅಂದರೆ ಪಾತ್ರೆ ಇಳಿಯುತ್ತದಾ? ಇಲ್ಲ. ಬೇರೆ ಪಾತ್ರೆ ಇಡಬೇಕು. ಅಥವಾ ಹೀಗೆ ಹೇಳುತ್ತೇನೆ. ರಶ್ಶಿರುವ ಬಸ್ಸಿನಲ್ಲಿ ಕಿಟಕಿಯಿಂದಲೇ ಸೀಟಿನ ಮೇಲೆ ಟವಲ್ ಹಾಕುತ್ತೇವಲ್ಲ, ಚಿತ್ರ ಬರೆಯುವುದು ಆ ಟವಲ್. ಚಿಂತೆ ಹತ್ತಿ ಬಂದಾಗ ಸೀಟು ಖಾಲಿ ಇರುವುದಿಲ್ಲ. ಟಿವಿ ನೋಡಿದರೆ ಆಗಲ್ವಾ ಅಂತ ಕೇಳಬಹುದು. ಟಿವಿ ಅರ್ಧ ಸೀಟನ್ನಷ್ಟೇ ಹಿಡಿಯುತ್ತದೆ, ಪಕ್ಕದಲ್ಲಿ ಚಿಂತೆ ಒತ್ತಿಕೊಂಡು ಕೂರುತ್ತದೆ. ಚಿತ್ರಕ್ಕೆ ಕಣ್ಣು ಬೇಕು, ಕೈ ಬೇಕು, ಮುಂದಿನ ಗೆರೆ ಎಲ್ಲಿ ಅನ್ನುವ ತೀರ್ಮಾನ ಬೇಕು. ಸೀಟಿನ ತುಂಬ ಅದೇ.

ಆದರೆ ಚಿಂತೆಯ ಬದಲು ಒಲೆಯ ಮೇಲಿಡುವ ಆ ಪಾತ್ರೆ ತೀರಾ ಭಾರವೂ ಇರಬಾರದು. 2005ರಲ್ಲಿ ನ್ಯಾನ್ಸಿ ಕರಿ ಮತ್ತು ಟಿಮ್ ಕ್ಯಾಸರ್ 84 ವಿದ್ಯಾರ್ಥಿಗಳಲ್ಲಿ ಆತಂಕ ಹುಟ್ಟಿಸಿ, ಆಮೇಲೆ ಬಣ್ಣ ಹಚ್ಚಲು ಕೂರಿಸಿದರು. ಕೆಲವರಿಗೆ ಮಂಡಲದ ವಿನ್ಯಾಸ, ಕೆಲವರಿಗೆ ಚೌಕುಳಿ ವಿನ್ಯಾಸ, ಉಳಿದವರಿಗೆ ಖಾಲಿ ಹಾಳೆ. ವಿನ್ಯಾಸ ಸಿಕ್ಕವರ ಆತಂಕ ಖಾಲಿ ಹಾಳೆಯವರಿಗಿಂತ ಹೆಚ್ಚು ಇಳಿಯಿತು. ಖಾಲಿ ಹಾಳೆ ಹೆದರಿಸುತ್ತದೆ, ನಿಜ ತಾನೇ? ಹದಿನೈದು ಚುಕ್ಕಿ, ಎಂಟರವರೆಗೆ ಸಂದು ಚುಕ್ಕಿ ಇಟ್ಟು ಕೂತವರಿಗೆ ಇದು ಗೊತ್ತು. ಚುಕ್ಕಿ ದಾರಿ ತೋರಿಸುತ್ತದೆ, ಆದರೂ ಗಮನ ತಪ್ಪಿದರೆ ಎಳೆ ತಪ್ಪುತ್ತದೆ. ದಯವಿಟ್ಟು ಇದನ್ನೇ ಹಿಡಿದು "ನಮ್ಮ ಹಿರಿಯರಿಗೆ ಮೆದುಳಿನ ವಿಜ್ಞಾನ ಮೊದಲೇ ಗೊತ್ತಿತ್ತು" ಅಂತ ಇನ್ನೊಂದು ಫಾರ್ವರ್ಡ್ ಮಾಡಬೇಡಿ. ಅವರು ಅಂಗಳ ಚೆನ್ನಾಗಿ ಕಾಣಲಿ ಅಂತ ರಂಗೋಲಿ ಹಾಕಿದರು. ಅಷ್ಟು ಸಾಕಲ್ಲ.

ಕಲಾ ಚಿಕಿತ್ಸೆ ಅನ್ನುವ ಹೆಸರು ಹುಟ್ಟಿದ್ದು ಮನೋರೋಗದ ಆಸ್ಪತ್ರೆಯಲ್ಲಲ್ಲ, ಕ್ಷಯದ ಸ್ಯಾನಿಟೋರಿಯಮ್ಮಿನಲ್ಲಿ. ಆಗ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಅನ್ನುವ ಔಷಧಿ ಇರಲಿಲ್ಲ. ಒಳ್ಳೆಯ ಗಾಳಿ, ಊಟ, ತಿಂಗಳುಗಟ್ಟಲೆ ಹಾಸಿಗೆ. ಮೈಸೂರಿನ ಪಿಕೆಟಿಬಿ ಸ್ಯಾನಿಟೋರಿಯಂ ಕಥೆ ಕೇಳಿದವರಿಗೆ ಆ ಕಾಯುವಿಕೆ ಎಂಥದ್ದು ಅಂತ ಅಂದಾಜಿರುತ್ತದೆ. ಇಂಗ್ಲೆಂಡಿನ ಕಲಾವಿದ ಏಡ್ರಿಯನ್ ಹಿಲ್ 1938ರಲ್ಲಿ ಹೀಗೆ ಮಿಡ್‌ಹರ್ಸ್ಟಿನ ಸ್ಯಾನಿಟೋರಿಯಮ್ಮಿನಲ್ಲಿ ಮಲಗಿದ್ದರು. ಬೇಜಾರು ಕಳೆಯಲು ಹಾಸಿಗೆ ಪಕ್ಕದ ವಸ್ತುಗಳನ್ನೇ ಬರೆದರು. ಆಮೇಲೆ ಉಳಿದ ರೋಗಿಗಳಿಗೂ ಕಲಿಸಿದರು. ಯುದ್ಧದಲ್ಲಿ ಗಾಯಗೊಂಡ ಸೈನಿಕರೂ ಬರತೊಡಗಿದರು. 1942ರ ಹೊತ್ತಿಗೆ ಈ ಕೆಲಸಕ್ಕೆ ಅವರೇ ಆ ಹೆಸರಿಟ್ಟರು.

ಅದೇ ವರ್ಷದ ಡಿಸೆಂಬರಿನಲ್ಲಿ ಫ್ರೀಡಲ್ ಡಿಕರ್ ಬ್ರಾಂಡೈಸ್ ಅನ್ನುವ ಕಲಾವಿದೆಯನ್ನು ನಾಜಿಗಳು ಯಹೂದಿಗಳನ್ನು ಕೂಡಿಹಾಕುತ್ತಿದ್ದ ತೆರೇಜಿನ್ ಶಿಬಿರಕ್ಕೆ ಕಳಿಸಿದರು. ತರಬಹುದಾದ ಸಾಮಾನಿಗೆ ತೂಕದ ಮಿತಿ ಇತ್ತು. ಅದರಲ್ಲೂ ಅವರು ಕಾಗದ, ಬಣ್ಣ ತುಂಬಿಕೊಂಡು ಹೋದರು. ಶಿಬಿರದ ಮಕ್ಕಳಿಗೆ ಚಿತ್ರ ಕಲಿಸಿದರು. ಕೆಲವು ಮಕ್ಕಳು ಶಿಬಿರವನ್ನೇ ಬರೆದರು. ಆದರೆ ಹೂವು, ಚಿಟ್ಟೆ, ಬಿಟ್ಟು ಬಂದ ಮನೆ ಬರೆದವರೂ ಬಹಳ. ಚಿತ್ರದ ಮೇಲೆ ಹೆಸರು ಬರೆಸುತ್ತಿದ್ದರು. ಮಕ್ಕಳನ್ನೂ ನಂಬರಿನಿಂದ ಎಣಿಸುವ ಜಾಗವದು. 1944ರ ಅಕ್ಟೋಬರಿನಲ್ಲಿ ಫ್ರೀಡಲ್ ಅವರನ್ನು ನಾಜಿಗಳ ಇನ್ನೊಂದು ಶಿಬಿರವಾದ ಆಶ್ವಿಟ್ಜ್‌ನಲ್ಲಿ ಕೊಂದರು. ಸುಮಾರು 4,500 ಚಿತ್ರಗಳು ಎರಡು ಸೂಟ್‌ಕೇಸಿನಲ್ಲಿ ಉಳಿದವು. ಮುಂದೆ ಅಮೆರಿಕದಲ್ಲಿ ಕಲಾ ಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಈಡಿತ್ ಕ್ರೇಮರ್ ಇವರ ಶಿಷ್ಯೆ.

ಎಲ್ಲಿಂದ ಎಲ್ಲಿಗೋ ಹೋದೆ. ಮನಸ್ಸನ್ನು ಬೇರೆ ಕಡೆ ತಿರುಗಿಸಿದರೆ ಸಾಕು ಅಂತಾದರೆ ಒಂದು ಕ್ರೇಯಾನ್ ಡಬ್ಬಿ ಸಾಕಿತ್ತು, ಚಿಕಿತ್ಸಕರು ಯಾಕೆ? ಒಂದು ಸಂಜೆಯ ಬೇಸರಕ್ಕೆ ಡಬ್ಬಿ ಸಾಕು. ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಜೊತೆಯವರು 2016ರಲ್ಲಿ 39 ಜನರ ಕೈಗೆ ಜೇಡಿಮಣ್ಣು, ಮಾರ್ಕರ್, ಬಣ್ಣದ ಕಾಗದ ಕೊಟ್ಟು 45 ನಿಮಿಷ ಬಿಟ್ಟರು. ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಕಡಿಮೆಯಾಗಿತ್ತು. ಚಿತ್ರ ಬರೆಯಲು ಬರುತ್ತಾ ಇಲ್ವಾ ಅನ್ನುವುದು ಮುಖ್ಯವಾಗಲಿಲ್ಲ. ಸುಮ್ನೆ ಕೂತವರ ಜೊತೆ ಹೋಲಿಸಿರಲಿಲ್ಲ ಅನ್ನುವುದೊಂದು ಕೊರತೆ.

ವರ್ಷಗಟ್ಟಲೆ ಕೊರೆಯುವ ನೋವು ಬೇರೆ. ಅದರ ಕಡೆ ಎಂದಾದರೂ ತಿರುಗಿ ನೋಡಲೇಬೇಕು. ನೇರವಾಗಿ "ಏನಾಯ್ತು ಹೇಳು" ಅಂದರೆ ಬಾಯಿ ಕಟ್ಟುತ್ತದೆ. ನಡುವೆ ಒಂದು ಚಿತ್ರ ಇದ್ದರೆ ಚಿಕಿತ್ಸಕರೂ ನೋವಿರುವವರೂ ಅದನ್ನು ನೋಡುತ್ತಾ ಮಾತಾಡಬಹುದು, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಕಷ್ಟದ ಮಾತು ಬರುವುದು ಅವರೆಕಾಯಿ ಸುಲಿಯುವಾಗಲೇ ಅಲ್ವಾ? ಮಾತಾಡುತ್ತಾ ನೋವಿಗೆ ಒಂದು ಹೆಸರು ಸಿಗುತ್ತದೆ. ಹೆಸರಿಡುವುದೂ ಹಬೆ ಬಿಡುವುದೂ ಒಂದೇ ಅಲ್ಲ. ಸಿಟ್ಟಿನ, ಹೆದರಿಕೆಯ ಮುಖಗಳನ್ನು ನೋಡಿ ಆ ಭಾವನೆಗೆ ಪದ ಹೊಂದಿಸಿದಾಗ ಹೆದರಿಕೆಯಂಥ ಭಾವನೆಗೆ ಚುರುಕಾಗುವ ಮೆದುಳಿನ ಅಮಿಗ್ಡಲ ಭಾಗದ ಚಟುವಟಿಕೆ ಇಳಿಯುತ್ತದೆ ಅಂತ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿತು.

ಎಲ್ಲಕ್ಕೂ ಇದೇ ಮದ್ದು ಅಂತ ಮಾರುವವರನ್ನು ಕಂಡರೆ ದೂರ ಇರಿ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮನೋರೋಗ ಇರುವ 417 ಜನರ ಮೇಲೆ ನಡೆದ ದೊಡ್ಡ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಕೆಲವರಿಗೆ ವಾರಕ್ಕೊಮ್ಮೆ ಗುಂಪಿನಲ್ಲಿ ಕಲಾ ಚಿಕಿತ್ಸೆಯನ್ನೂ ಕೊಟ್ಟು ನೋಡಿದರು. ಎರಡು ವರ್ಷದ ನಂತರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ತರಗತಿಗೆ ಬಂದವರೇ ಕಡಿಮೆ ಅನ್ನುವುದೂ ನಿಜ. ಏನೇ ಇರಲಿ, ಮಾತ್ರೆ ನಿಲ್ಲಿಸಿ ಕುಂಚ ಹಿಡಿಯಿರಿ ಅನ್ನುವವರ ಮಾತು ಕೇಳಬೇಡಿ.

ಇನ್ನು ಆ ಕಪ್ಪು ಆನೆ. ಹುಡುಗನನ್ನು ಪಕ್ಕ ಕೂರಿಸಿಕೊಂಡು "ಈ ಚಿತ್ರದ ಬಗ್ಗೆ ಹೇಳೋ" ಅಂದೆ. ತಂಗಿ ಕ್ರೇಯಾನ್ ಎಲ್ಲಾ ಮುರಿದು ಸಿಂಕಿಗೆ ಹಾಕಿದಳಂತೆ. ಉಳಿದಿದ್ದು ಎರಡೇ, ಕಪ್ಪು ಮತ್ತು ಹಳದಿ. "ಹಾಗಾದ್ರೆ ಹಳದಿ ಯಾಕೆ ಹಚ್ಚಲಿಲ್ಲ?" ಅಂತ ಕೇಳಿದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಹಳದಿ ಆನೆ ಇರುತ್ತಾ ಅಂಕಲ್?"